ಮೀನೆಣ್ಣೆ ಕುಡಿದ ಕೋವಿ

ಆ ಬೆಳಿಗ್ಗೆ ಬೆಂಚಿನ ಸುತ್ತ ಇದ್ದವರು ಇವರು: ಅಬುಧಾಬಿಯ ನಮ್ಮ ಶೂಟಿಂಗ್ ಕ್ಲಬ್ಬಿನ ವರ್ಕ್‌ಶಾಪಿನ ಮುಖ್ಯಸ್ಥ ವಿಕ್ಟರ್, ಮರಗೆಲಸದ ಲಾರೆನ್ಸ್, ಕಬ್ಬಿಣದ ಕೆಲಸದ ನಾನು, ಕೋವಿ ತಂದಿದ್ದ ರಾಶಿದ್, ಮತ್ತೆ ರಾಶಿದನ ತಂದೆ. ನಾವೆಲ್ಲ ನಿಂತಿದ್ದೆವು, ತಂದೆ ಮಾತ್ರ ಕುರ್ಚಿಯಲ್ಲಿ ಕೂತಿದ್ದರು. ಹಸಿರು ಬಟ್ಟೆ ಹಾಸಿದ ಬೆಂಚಿನ ಮೇಲೆ ಅವರ ಕೋವಿ ಮಲಗಿತ್ತು. ಹಳೆಯ ಮಿಲಿಟರಿ ಕೋವಿ. ಯಾವುದೋ ದೇಶದ ಸೈನ್ಯ ತನಗೆ ಬೇಡವೆಂದು ಮಾರಿದ್ದು, ಊರೂರು ಸುತ್ತಿ ಅವರ ಕೈ ಸೇರಿತ್ತು. ಮರದ ಹಿಡಿಯ ಮೇಲೆ ಕೆನ್ನೆ ಒರಗುವ ಜಾಗ ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು.

ಅಲ್ಲಿಯ ರೂಢಿಯಂತೆ ಎಲ್ಲರೂ, ಹಿಂದೆ ಸೈನ್ಯದಲ್ಲಿದ್ದ ಆ ಹಿರಿಯರನ್ನು ಮಗನ ಹೆಸರು ಹಿಡಿದೇ ಕರೆಯುತ್ತಿದ್ದರು, ಅಬು ರಾಶಿದ್ ಎಂದು. ಅವರು ಕೋವಿಯನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಮಗನಿಗೆ ಅರಬಿಯಲ್ಲಿ ಒಂದು ಮಾತು ಹೇಳಿದರು. ನಮಗೂ ತಿಳಿಯಲಿ ಎಂದು ಅದನ್ನೇ ತಮ್ಮ ಹಳೆಯ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದರು.

"ಕತ್ತರಿಸುವುದಾದರೆ ಕತ್ತರಿಸಿ. ಕತ್ತರಿಸಿದ ಮೇಲೆ ಅದು ನನ್ನದಲ್ಲ."

ರಾಶಿದ್ ನೆಲ ನೋಡಿದ. ಒಳ್ಳೆಯ ಹುಡುಗ, ಹುಡುಗನೆಂದರೆ ಮೂವತ್ತು ದಾಟಿದವನೇ, ಸರಕಾರಿ ಕಚೇರಿಯಲ್ಲಿ ದೊಡ್ಡ ಕೆಲಸ. ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಚಳಿಗಾಲಕ್ಕೆ ಒಂದು ಸ್ಪರ್ಧೆ ಇರುತ್ತಿತ್ತು, ಹಳೆಯ ಮಿಲಿಟರಿ ಕೋವಿಯನ್ನು ಗುರಿಕೋವಿಯಾಗಿ ಮಾರ್ಪಡಿಸಿ ಹೊಡೆಯುವುದು. ಅದರಲ್ಲಿ ಅಪ್ಪನ ಕೋವಿಯಿಂದಲೇ ಹೊಡೆಯಬೇಕೆಂದು ಅವನಿಗೆ ಆಸೆ. ಬೇರೆ ಕೋವಿ ಕೊಳ್ಳುವುದು ಅವನಿಗೆ ಕಷ್ಟವೇನೂ ಇರಲಿಲ್ಲ. "ಅದನ್ನು ಅಲ್ಮಾರಿಯಲ್ಲಿಟ್ಟು ಅಪ್ಪ ಮರೆತೇಬಿಟ್ಟಿದ್ದಾರೆ ಉಸ್ತಾದ್, ಅದಕ್ಕೇ," ಎಂದು ನನ್ನ ಹತ್ತಿರ ಹೇಳಿದ್ದ. ಅಪ್ಪ ಮರೆತಿರಲಿಲ್ಲ ಅನ್ನುವುದು ಆ ಬೆಳಿಗ್ಗೆ ನಮಗೆಲ್ಲ ಗೊತ್ತಾಯಿತು.

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಎರಡೇ: ಯಾವ ಮೆಷಿನ್ ಇತ್ತು, ಸಂಬಳ ಎಷ್ಟು. ಎರಡಕ್ಕೂ ಉತ್ತರ ಬೇರೆಯವರು ಕೊಡುತ್ತಾರೆ. ನಾನು ಹೇಳುವುದು ಇದನ್ನು: ನಿಮ್ಮ ಮುಂದೆ ಬೆಂಚಿನ ಮೇಲೆ ಮಲಗುವ ಪ್ರತಿಯೊಂದು ಹಳೆಯ ಕೋವಿಯ ಹಿಂದೆಯೂ ಒಬ್ಬ ಮನುಷ್ಯ ಮುಖ ತಿರುಗಿಸಿಕೊಂಡು ಕೂತಿರುತ್ತಾನೆ. ಗರಗಸ ಎತ್ತುವ ಮೊದಲು ಅವನ ಮುಖ ಒಮ್ಮೆ ನೋಡಿ.

ನಾನು ಪುತ್ತೂರಿನ ಕಡೆಯವನು, ಆಚಾರಿಗಳ ಮನೆ. ಹಂದಿ ಓಡಿಸಲು ಕೃಷಿಕರು ಇಟ್ಟುಕೊಳ್ಳುವ ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳು ರಿಪೇರಿಗೆ ಅಜ್ಜನ ಕುಲುಮೆಗೆ ಬರುತ್ತಿದ್ದವು. ನಳಿಗೆ, ಮೂತಿ, ಬೆರಳಿನಿಂದ ಎಳೆಯುವ ಕುದುರೆ, ಈ ಮಾತುಗಳನ್ನೆಲ್ಲ ಅಜ್ಜನ ಬಾಯಿಂದಲೇ ಕಲಿತೆ. ಅಜ್ಜ ಕೋವಿಯನ್ನು 'ಅದು' ಅನ್ನುತ್ತಿರಲಿಲ್ಲ, 'ಇವ' ಅನ್ನುತ್ತಿದ್ದರು. "ಇವನಿಗೆ ಸ್ವಲ್ಪ ಕೆಮ್ಮು ಉಂಟು. ಇವ ಎಡಕ್ಕೆ ಎಳಿತಾನೆ." ನಳಿಗೆ ನೇರ ಇದೆಯೋ ಎಂದು ನೋಡಲು ಅದರೊಳಗಿಂದ ಬಾಗಿಲಿನ ಚೌಕಟ್ಟಿನ ನೆರಳನ್ನು ನೋಡುತ್ತಿದ್ದರು. ನೆರಳಿನ ಗೆರೆ ಕೊನೆಯವರೆಗೆ ಮುರಿಯದೆ ಹೋದರೆ ನಳಿಗೆ ನೇರ. ಗಲ್ಫಿಗೆ ಹೋದ ಹೊಸತರಲ್ಲಿ ನಾನೂ ಹಾಗೇ ನೋಡುತ್ತಿದ್ದೆ. ವಿಕ್ಟರ್ ಬಂದ ಮೇಲೆ ನಳಿಗೆಯೊಳಗೆ ಇಳಿಯುವ ಸಣ್ಣ ಕ್ಯಾಮೆರಾ ಬಂತು, ಟಿವಿಯ ಪರದೆಯ ಮೇಲೆ ಒಳಗಿನ ಸುರುಳಿಗೆರೆಗಳೆಲ್ಲ ರಸ್ತೆಯಷ್ಟು ಅಗಲವಾಗಿ ಕಾಣತೊಡಗಿದವು. ನನಗೆ ಅದರ ಮೇಲೆ ಸಿಟ್ಟೇನೂ ಬರಲಿಲ್ಲ. ಅಜ್ಜನ ಕೈಗೆ ಆ ಕ್ಯಾಮೆರಾ ಸಿಕ್ಕಿದ್ದರೆ ಊಟಕ್ಕೇ ಏಳುತ್ತಿರಲಿಲ್ಲ.

ವಿಕ್ಟರ್ ಬಲ್ಗೇರಿಯಾದವರು. ಅವರ ಕೈಕೆಳಗೆ ಕೆಲಸ ಮಾಡುವುದೆಂದರೆ ದಿನವಿಡೀ ಬೈಸಿಕೊಂಡು ಸಂಜೆ ಅವರಿಂದಲೇ ಚಾಕೊಲೇಟ್ ತಿನ್ನುವುದು. ನನ್ನ ಫ್ಲಾಸ್ಕಿನ ಚಹಾ ಅವರಿಗೆ ಹೇಳದೆ ಕೇಳದೆ ಅರ್ಧ ಹೋಗುತ್ತಿತ್ತು. "ನಿನ್ನ ಚಹಾದಲ್ಲಿ ಶುಂಠಿ ಕಡಿಮೆಯಾಗಿದೆ," ಎಂದು ದೂರು ಬೇರೆ. ಆದರೆ ಅವರಷ್ಟು ತಾಳ್ಮೆಯಿಂದ ಕಬ್ಬಿಣವನ್ನು ಮುಟ್ಟಿದವರನ್ನು ನಾನು ಕಂಡಿಲ್ಲ.

ಲಾರೆನ್ಸ್ ಗಂಗೊಳ್ಳಿಯವರು. ಅವರ ತಂದೆ ದೋಣಿ ಕಟ್ಟುತ್ತಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಪೊರ್ಬುಗಳು ಅನ್ನುತ್ತೇವೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನಗೆ 'ಆಚಾರ್ರೇ'. ಹೆಂಡತಿ ಮಕ್ಕಳು ದುಬೈಯ ಅಲ್ ನಹ್ದಾದಲ್ಲಿ, ಅವರು ವಾರವಿಡೀ ನಮ್ಮೊಂದಿಗೆ ಅಬುಧಾಬಿಯಲ್ಲಿ. ಶುಕ್ರವಾರ ರಜೆ, ಗುರುವಾರ ಸಂಜೆಯಾದರೆ ಉಳಿ ಕೈಯಲ್ಲಿದ್ದರೂ ಕಣ್ಣು ಬಸ್ಸಿನ ಕಡೆ.

ಮಿಲಿಟರಿ ಕೋವಿಯನ್ನು ಗುರಿಕೋವಿ ಮಾಡುವುದೆಂದರೆ ಏನು ಎಂದು ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ತೋಟೆ ಕೂರುವ, ಅದನ್ನು ಒಳಗೆ ತಳ್ಳುವ ಬೋಲ್ಟ್ ಓಡಾಡುವ ನಡುವಿನ ಕಬ್ಬಿಣದ ಗೂಡನ್ನು ಇಟ್ಟುಕೊಂಡು ಉಳಿದದ್ದನ್ನು ಬಹುಪಾಲು ಬದಲಾಯಿಸುವುದು. ಸೈನಿಕನ ಕೋವಿ ಕೆಸರಿನಲ್ಲಿ, ಮರಳಿನಲ್ಲಿ ಓಡಬೇಕು, ಅದಕ್ಕೆ ಅದರ ಅಂಗಾಂಗ ಸಡಿಲ. ಗುರಿಕೋವಿಗೆ ಅಲುಗಾಟವೇ ಇರಬಾರದು. ದಪ್ಪದ ಹೊಸ ನಳಿಗೆ, ಹಗುರಾಗಿ ಬಿಡುವ ಕುದುರೆ, ಮೇಲೆ ದುರ್ಬೀನು. ದುರ್ಬೀನಿಗೆ ತಾಗದಂತೆ ಬೋಲ್ಟಿನ ಹಿಡಿಯನ್ನು ಕತ್ತರಿಸಿ, ಕೆಳಗೆ ಬಗ್ಗಿದ ಹೊಸದೊಂದನ್ನು ಬೆಸೆಯಬೇಕು. ಕೊನೆಗೆ ಎಲ್ಲವನ್ನೂ ಹೊಸ ಮರದೊಳಗೆ ಕೂರಿಸುವುದು. ಮರದಲ್ಲಿ ಗುಳಿ ತೆಗೆದು, ಎರಡು ಡಬ್ಬಿಯದನ್ನು ಕಲಸುವ ಗಟ್ಟಿ ಅಂಟನ್ನು ಅದರಲ್ಲಿ ಸುರಿದು, ಕಬ್ಬಿಣದ ಗೂಡನ್ನು ಅದರ ಮೇಲಿಟ್ಟರೆ ಅಂಟು ಗೂಡಿನ ಅಚ್ಚು ಹಿಡಿದು ಕಲ್ಲಾಗುತ್ತದೆ. ಈ ಕೂರಿಸುವ ಕೆಲಸ ಕೆಟ್ಟರೆ ನಳಿಗೆ ಎಷ್ಟು ಒಳ್ಳೆಯದಿದ್ದರೂ ವ್ಯರ್ಥ.

ಬೋಲ್ಟಿನ ಹಿಡಿಯನ್ನು ಕತ್ತರಿಸಿದ್ದು ನಾನು. ಗರಗಸದ ಸದ್ದಾಗುವಾಗ ಅಬು ರಾಶಿದ್ ಇರಲಿಲ್ಲ, ಖಲೀಫಾ ಸಿಟಿಯ ಮನೆಗೆ ಹೊರಟುಹೋಗಿದ್ದರು. ರಾಶಿದ್ ಮಾತ್ರ ನಿಂತು ನೋಡಿದ. ತುಂಡು ಕೆಳಗೆ ಬಿದ್ದಾಗ ಎತ್ತಿ ಜೇಬಿಗೆ ಹಾಕಿಕೊಂಡ.

ಕೆಲಸ ಚೆನ್ನಾಗಿಯೇ ಸಾಗಿತು. ನಳಿಗೆ ಕೂತಿತು. ಲಾರೆನ್ಸ್ ಅಕ್ರೋಟಿನ ದಿಮ್ಮಿಯಿಂದ ತೆಗೆದ ಹೊಸ ಹಿಡಿಯನ್ನು ನೋಡಿ ವಿಕ್ಟರೇ "ಪರವಾಗಿಲ್ಲ" ಅಂದರು, ಅವರ ಬಾಯಲ್ಲಿ ಅದು ಬಿರುದು ಇದ್ದ ಹಾಗೆ. ಅಂಟು ಹಾಕಿ ಕೂರಿಸಿದ್ದೂ ಆಯಿತು. ಆಗಸ್ಟಿನ ಸೆಕೆಯಲ್ಲಿ ಕೋವಿಯನ್ನು ಹೊರಗಿನ ರೇಂಜಿಗೆ ಒಯ್ದೆವು. ಅಲ್ಲಿಯ ಆಗಸ್ಟ್ ಕಂಡವರಿಗೆ ಗೊತ್ತು, ಏಸಿಯಿಂದ ಬಾಗಿಲು ತೆರೆದು ಹೊರಬಂದರೆ ಕನ್ನಡಕ ಮಂಜಾಗಿ ಕುರುಡರಾಗುತ್ತೇವೆ.

ರಾಶಿದ್ ಮಲಗಿ ಹೊಡೆದ. ಮೊದಲ ಕೆಲವು ಗುಂಡು ಹಾಳೆಯ ಮೇಲೆ ಒಂದರ ಮೇಲೊಂದು ಬಿದ್ದವು. ನಾನೂ ಲಾರೆನ್ಸೂ ಮುಖಮುಖ ನೋಡಿ ನಕ್ಕೆವು. ಆಮೇಲಿನವು ಎರಡು ಕಡೆ ಬೀಳತೊಡಗಿದವು. ಮೇಲೊಂದು ಗುಂಪು, ಕೆಳಗೆ ಬಲಕ್ಕೆ ಇನ್ನೊಂದು. ಇಬ್ಬರು ಬೇರೆ ಬೇರೆ ಮನುಷ್ಯರು ಹೊಡೆದ ಹಾಗೆ.

"ನಿನ್ನ ಉಸಿರು," ಅಂದರು ವಿಕ್ಟರ್. ತಾವೇ ಮಲಗಿ ಹೊಡೆದರು. ಅದೇ ಎರಡು ಗುಂಪು. "ತೋಟೆ," ಅಂದರು. ತೋಟೆ ಬದಲಾಯಿತು, ಗುಂಪು ಬದಲಾಗಲಿಲ್ಲ. "ಆಚಾರಿ, ನಿನ್ನ ಸ್ಕ್ರೂ." ಬಿಚ್ಚಿ ಬಿಗಿದೆ. ದುರ್ಬೀನು ಬದಲಾಯಿಸಿದೆವು. ನಳಿಗೆಯನ್ನು ಬಿಚ್ಚಿ ಕ್ಯಾಮೆರಾ ಇಳಿಸಿದೆವು, ನನ್ನ ಸಮಾಧಾನಕ್ಕೆ ಬಾಗಿಲಿನ ಚೌಕಟ್ಟಿನ ನೆರಳನ್ನೂ ನೋಡಿದೆ. ಎಲ್ಲಿಯೂ ಐಬಿಲ್ಲ. ದಿನಗಳು ಹೋದವು. ರಾಶಿದನ ಮುಖ ನೋಡಲಾಗುತ್ತಿರಲಿಲ್ಲ.

"ಮನೆಯಲ್ಲಿ ಕೇಳ್ತಾರಾ?" ಎಂದು ಒಮ್ಮೆ ವಿಚಾರಿಸಿದೆ.

"ಕೇಳುವುದಿಲ್ಲ ಉಸ್ತಾದ್. ಕೇಳಿದ್ದರೆ ಒಳ್ಳೆಯದಿತ್ತು," ಅಂದ. "ಊಟಕ್ಕೆ ಕೂತರೆ ಹವಾಮಾನದ ಮಾತು ಆಡ್ತಾರೆ. ಹಾಳಾಯಿತೆಂದು ಹೇಳಲಿಕ್ಕೂ ನನಗೆ ಬಾಯಿಲ್ಲ. ಕತ್ತರಿಸಿಯಾಯ್ತಲ್ಲ."

ಕಾರಣ ಕಂಡುಹಿಡಿದದ್ದು ನಮ್ಮಲ್ಲಿ ಯಾರೂ ಅಲ್ಲ, ರೇಂಜಿನ ಬೆಕ್ಕುಗಳು.

ಆ ದೇಶದಲ್ಲಿ ಬೆಕ್ಕಿಲ್ಲದ ಮೂಲೆಯಿಲ್ಲ. ಆದರೆ ಗುಂಡಿನ ಸದ್ದಿಗೆ ನಮ್ಮ ರೇಂಜಿನ ಬೆಕ್ಕುಗಳು ದೂರದ ಕಾರುಗಳಡಿಯಲ್ಲೇ ಇರುತ್ತಿದ್ದವು. ಒಂದು ಮಧ್ಯಾಹ್ನ ಹೊಡೆದು ಹೊಡೆದು ನಳಿಗೆ ಬಿಸಿಯಾದಾಗ ಕೋವಿಯನ್ನು ತಣಿಯಲು ಸ್ಟ್ಯಾಂಡಿನ ಮೇಲಿಟ್ಟು ನಾವು ಒಳಗೆ ನೀರು ಕುಡಿಯಲು ಹೋಗಿದ್ದೆವು. ಬಂದು ನೋಡಿದರೆ ಸ್ಟ್ಯಾಂಡಿನ ಸುತ್ತ ಬೆಕ್ಕುಗಳ ಸಭೆ. ಒಂದು ಮುದಿ ಗಂಡುಬೆಕ್ಕು ಮುಂಗಾಲು ಎತ್ತಿ ನಿಂತು ಹಿಡಿಯ ಹೊಟ್ಟೆಯನ್ನು ನೆಕ್ಕುತ್ತಿತ್ತು!

ಪಕ್ಕದ ಸಾಲಿನಲ್ಲಿದ್ದ ರಾಶಿದನ ಗೆಳೆಯನೊಬ್ಬ ಕೂಗಿದ, "ಯಾ ರಾಶಿದ್, ಕೋವಿ ತಂದಿದ್ದೀಯೋ, ಮೀನು ಮಾರ್ಕೆಟ್ಟಿನಿಂದ ನೇರ ಬಂದಿದ್ದೀಯೋ?"

ವಿಕ್ಟರ್ ಬಗ್ಗಿ ಮೂಸಿದರು. ನಾನೂ ಮೂಸಿದೆ. ಮೂಸಿದ ಕ್ಷಣ ನನಗೆ ಅರ್ಥವಾಯಿತು. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ದಡಕ್ಕೆ ಎಳೆದ ದೋಣಿಯ ಪಕ್ಕ ನಿಂತವರಿಗೆಲ್ಲ ಆ ವಾಸನೆ ಗೊತ್ತು. ತಿರುಗಿ ನೋಡಿದರೆ ಲಾರೆನ್ಸ್ ಗೋಡೆಗೆ ಅಂಟಿಕೊಂಡು ನಿಂತಿದ್ದರು.

"ಪೊರ್ಬುಗಳೇ," ಅಂದೆ, "ಇದು ಎಂತದು?"

"ಬೂತಾಯಿ ಮೀನಿನ ಎಣ್ಣೆ," ಅಂದರು ನೆಲ ನೋಡಿಕೊಂಡು.

"ಕೋವಿಗಾ?"

"ಹ್ವಾಯ್ ಆಚಾರ್ರೇ, ಪೂರ್ತಿ ಕೇಣಿ ಮಾರ್ರೆ. ಇಲ್ಲಿಯ ಹವೆ ಕಾಣಿ ನೀವು. ಒಳಗೆ ಏಸಿ, ಹೊರಗೆ ಉಪ್ಪುನೀರಿನ ಹಬೆ. ಮರ ಕುಡಿದು ಉಬ್ಬುದಿಲ್ವಾ? ನಮ್ಮಪ್ಪ ದೋಣಿಗೆ ಹಚ್ಚಿದ್ರೆ ವರ್ಷಗಟ್ಲೆ ಸಮುದ್ರದಲ್ಲಿದ್ರೂ ಹಲಗೆ ಒಂದು ನೂಲು ಅಲುಗ್ತಿರ್ಲಿಲ್ಲ. ಊರಿಂದ ಬರುವಾಗ ಉಪ್ಪಿನಕಾಯಿ ಬಾಟ್ಲಿಯೊಟ್ಟಿಗೆ ಒಂದು ಬಾಟ್ಲಿ ತಂದಿದ್ದೆ. ಗುಳಿಯ ಒಳಗೆ ಮಾತ್ರ ಹಚ್ಚಿದ್ದು. ಯಾರಿಗೂ ಕಾಣುದಿಲ್ಲ ಅಂತ."

"ಅಂಟು ಹಾಕುವ ಮೊದಲು ಹಚ್ಚಿದ್ರಾ?"

"ಮತ್ತೆ? ಮರಕ್ಕೆ ಹಚ್ಚುದಲ್ವಾ, ಅಂಟಿಗಲ್ಲ."

ಎಣ್ಣೆ ಕುಡಿದ ಮರಕ್ಕೆ ಯಾವ ಅಂಟು ಹಿಡಿಯುತ್ತದೆ? ತಣ್ಣಗಿರುವಾಗ ಕಚ್ಚಿಕೊಂಡಂತೆ ಇದ್ದು, ಬಿಸಿಯಾಗಿ ಗುಂಡಿನ ಹೊಡೆತ ಬಿದ್ದ ಮೇಲೆ ಕಬ್ಬಿಣದ ಗೂಡು ತನ್ನ ಅಂಟಿನ ಅಚ್ಚನ್ನು ಹೊತ್ತುಕೊಂಡೇ ಮರದೊಳಗೆ ಅತ್ತಿತ್ತ ಸರಿಯುತ್ತಿತ್ತು. ಅತ್ತ ಸರಿದಾಗ ಒಂದು ಗುಂಪು, ಇತ್ತ ಸರಿದಾಗ ಒಂದು ಗುಂಪು. ಆ ದಿನದ ಬಿಸಿಗೆ ಎಣ್ಣೆ ಮರದಿಂದ ಹೊರಗೂ ಜಿನುಗಿತ್ತು.

ವಿಕ್ಟರ್ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ನಮಗೆ ಅರ್ಥವಾಗದ್ದು ಎಲ್ಲರಿಗೂ ಒಳ್ಳೆಯದಾಯಿತು. ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದರು, "ನೀನು ಇದನ್ನು ಸಮುದ್ರಕ್ಕೆ ಇಳಿಸುವವನಿದ್ದೆಯಾ, ಲಾರೆನ್ಸ್?" ಆ ಗುರುವಾರ ಲಾರೆನ್ಸ್ ದುಬೈಗೆ ಹೋಗಲಿಲ್ಲ. "ಹೆಂಡ್ತಿಗೆ ಎಂತ ಮುಖ ತೋರ್ಸುದು? ಬಾಟ್ಲಿ ಪ್ಯಾಕ್ ಮಾಡಿದ್ದೇ ಅವಳು," ಅಂದರು.

ಕೋವಿಯ ಕಬ್ಬಿಣಕ್ಕೆ ಏನೂ ಆಗಿರಲಿಲ್ಲ. ಹೊಸ ಮರ ತಂದು ಮತ್ತೆ ಕೂರಿಸಿದರೆ ಸಾಕಿತ್ತು. ಆದರೆ ಬೆಕ್ಕಿನ ಸುದ್ದಿ ರಾಶಿದನ ಮನೆಗೆ ಹೇಗೋ ಮುಟ್ಟಿತ್ತು, ಗೆಳೆಯನ ಬಾಯಿಂದಲೇ ಇರಬೇಕು. ಕೋವಿ ಹಾಳಾಯಿತಂತೆ, ಬೆಕ್ಕು ತಿಂದಿತಂತೆ ಎಂದು. "ಅಪ್ಪ ಊಟಕ್ಕೆ ಬರುವುದನ್ನೇ ಬಿಟ್ಟಿದ್ದಾರೆ," ಎಂದು ರಾಶಿದ್ ಫೋನಿನಲ್ಲಿ ಹೇಳಿದ. "ನೀವೇ ಬಂದು ಹೇಳಿ ಉಸ್ತಾದ್. ನನ್ನ ಮಾತು ಅವರಿಗೆ ಕೇಳಿಸುವುದಿಲ್ಲ."

ಹೀಗೆ ಒಂದು ಶುಕ್ರವಾರ ನಮಾಜಾದ ಮೇಲೆ ನಾನೂ ಲಾರೆನ್ಸೂ ಖಲೀಫಾ ಸಿಟಿಗೆ ಹೋದೆವು. ಕೋವಿ ಕ್ಲಬ್ಬಿನ ತಿಜೋರಿಯಲ್ಲಿತ್ತು. ನಾವು ಒಯ್ದದ್ದು ಬಿಚ್ಚಿದ ಮರದ ಹಿಡಿಯೊಂದನ್ನೇ, ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಅತಿಥಿಗಳ ಕೋಣೆಯಲ್ಲಿ ಊದಿನ ಧೂಪ ಘಮಘಮಿಸುತ್ತಿತ್ತು. ಸಣ್ಣ ಬಟ್ಟಲಲ್ಲಿ ಕಾಫಿ ಬಂತು, ಖರ್ಜೂರ ಬಂತು. ಅಬು ರಾಶಿದ್ ಗೋಡೆಗೆ ಒರಗಿ ಕೂತು ಗೌರವದಿಂದ ಕ್ಷೇಮ ವಿಚಾರಿಸಿದರು, ಹವಾಮಾನ ವಿಚಾರಿಸಿದರು. ಕೋವಿ ವಿಚಾರಿಸಲಿಲ್ಲ.

ನಾನು ಪ್ಲಾಸ್ಟಿಕ್ ಬಿಚ್ಚಿದೆ. ಊದಿನ ಘಮ ಇದ್ದಲ್ಲೇ ಸೋತಿತು. ರಾಶಿದ್ ಕಣ್ಣು ಮುಚ್ಚಿಕೊಂಡ. ಅವನ ತಂದೆ ಮಾತ್ರ ಬಟ್ಟಲನ್ನು ಕೆಳಗಿಟ್ಟು ಕೈ ಚಾಚಿದರು. ಹಿಡಿಯನ್ನು ತೊಡೆಯ ಮೇಲಿಟ್ಟು, ಗುಳಿಯೊಳಗೆ ಬೆರಳಾಡಿಸಿ, ಬೆರಳನ್ನು ಮೂಗಿಗೆ ಹಿಡಿದರು.

"ಯಾರು ಹಚ್ಚಿದ್ದು?"

ಲಾರೆನ್ಸ್ ಎದ್ದು ನಿಂತರು, ಶಾಲೆಯಲ್ಲಿ ನಿಂತ ಹಾಗೆ.

"ಯಾವ ಮೀನು?"

"ಬೂತಾಯಿ... ಸಾರ್ಡಿನ್, ಬಾಬಾ."

"ಸಾರ್ಡಿನ್!" ಹಿರಿಯರ ಮುಖ ಹುಳಿ ತಿಂದಂತಾಯಿತು. "ಅದು ಬಡವರ ಎಣ್ಣೆ. ದೋಣಿಗೆ ಹಚ್ಚುವುದು ಶಾರ್ಕಿನ ಪಿತ್ತಕೋಶ... ಅಲ್ಲ, ಏನದು?" ಎಂದು ಹೊಟ್ಟೆಯ ಬಲಗಡೆ ಮುಟ್ಟಿ ತೋರಿಸಿದರು.

"ಪಿತ್ತಜನಕಾಂಗ," ಅಂದೆ ನಾನು, ಕನ್ನಡದಲ್ಲೇ. ಅವರು ತಲೆಯಾಡಿಸಿದರು.

"ಕಾಯಿಸಿದ್ದೀಯಾ?"

"ಬಿಸಿಲಿಗಿಟ್ಟದ್ದು, ಬಾಬಾ."

"ಬಿಸಿಲಿಗಿಟ್ಟರೆ ಬೆಕ್ಕು ಬಾರದೆ ಬೇರೇನು ಬರುತ್ತದೆ? ಬೆಂಕಿಯ ಮೇಲೆ ಕಾಯಿಸಬೇಕು. ಹೊಗೆ ಕಪ್ಪಾಗುವವರೆಗೆ."

"ಕಾಯ್ಸಿದ್ರೆ ದಪ್ಪ ಆಗ್ತದೆ. ಹಲಗೆಯ ಒಳಗೆ ಇಳಿಯುದಿಲ್ಲ," ಅಂದುಬಿಟ್ಟರು ಲಾರೆನ್ಸ್. ನಾನು ಅವರ ಅಂಗಿ ಹಿಡಿದು ಎಳೆದೆ. ಕೇಳುವವರು ಯಾರು? ತಮ್ಮ ಅಪ್ಪನ ಎಣ್ಣೆಯ ಬಗ್ಗೆ ಮಾತು ಬಂದಿತ್ತು. ಇಬ್ಬರೂ ಜಗಳಕ್ಕೆ ಬಿದ್ದರು. ಒಬ್ಬರದು ಹಳೆಯ ಹಿಂದಿ, ಒಬ್ಬರದು ಬಂದರಿನ ಹಿಂದಿ. ಮಧ್ಯೆ ಅರಬಿ, ಕೊಂಕಣಿ. ಕೈಗಳು ಗಾಳಿಯಲ್ಲಿ ಹಲಗೆಗಳನ್ನು ಉಜ್ಜುತ್ತಿದ್ದವು. ಅಬು ರಾಶಿದರ ತಂದೆಯದು ದೋಣಿಯ ಮನೆತನವೆಂದೂ, ಸೈನ್ಯ ಸೇರುವ ಮೊದಲು ಅಬು ರಾಶಿದರೂ ಬರಿಗೈಯಿಂದ ದೋಣಿಯ ಹೊಟ್ಟೆಗೆ ಎಣ್ಣೆ ತಿಕ್ಕಿದ್ದರೆಂದೂ ರಾಶಿದನಿಗೇ ಆವತ್ತು ಗೊತ್ತಾದದ್ದು. ಅವನು ಬಾಗಿಲ ಬಳಿ ಕಾಫಿಯ ಕೆಟಲ್ ಹಿಡಿದುಕೊಂಡು, ಬಟ್ಟಲಿಗೆ ಬಗ್ಗಿಸುವುದನ್ನೂ ಮರೆತು ನಿಂತಿದ್ದ.

ಜಗಳ ತೀರ್ಮಾನವಾಗಲಿಲ್ಲ. ಹೊರಡುವಾಗ ಹಿರಿಯರು ನನ್ನ ಕಡೆ ತಿರುಗಿದರು.

"ಇವನನ್ನು ಒಬ್ಬನೇ ಬಿಡಬೇಡ. ನಾಳೆ ನಾನೂ ಬರುತ್ತೇನೆ. ಇಲ್ಲದಿದ್ದರೆ ಈ ಸಲ ಸೀಗಡಿ ಹಚ್ಚುತ್ತಾನೆ."

ಬಂದರು. ಮರುದಿನವೂ ಬಂದರು. ಕೋವಿಯ ಮೇಲಿನ ಪ್ರೀತಿಯಿಂದಲ್ಲ, ಲಾರೆನ್ಸರ ಜೊತೆ ಜಗಳ ಬಾಕಿಯಿತ್ತು, ಅದಕ್ಕೆ. ಹಾಗೆಂದು ಅವರೇ ಹೇಳುತ್ತಿದ್ದರು. ಹೊಸ ಮರ ಆರಿಸುವಾಗ ದಿಮ್ಮಿಗಳನ್ನು ಬೆರಳಿನಿಂದ ಬಡಿದು ಕಿವಿ ಕೊಟ್ಟರು. ವಿಕ್ಟರ್ ತೇವ ಅಳೆಯುವ ಮೀಟರ್ ಹಿಡಿದರು. ಇಬ್ಬರೂ ಬೇರೆ ಬೇರೆ ದಿಮ್ಮಿ ಆರಿಸಿದರು. ಕೊನೆಗೆ ಲಾರೆನ್ಸ್ ಮೂರನೆಯದೊಂದನ್ನು ಎತ್ತಿಕೊಂಡು ಹೋಗಿ ಕೆತ್ತತೊಡಗಿದರು. ನನ್ನ ಫ್ಲಾಸ್ಕಿಗೆ ಇನ್ನೊಬ್ಬರು ಪಾಲುದಾರರು ಸೇರಿದರು. ಅವರಿಗೂ ಶುಂಠಿ ಸಾಲದು. ಈ ಸಲ ಮರ ಒಣಗಿತ್ತು, ಅಂಟು ಹಿಡಿಯಿತು, ಎಣ್ಣೆಯ ಬಾಟಲಿಯನ್ನು ವಿಕ್ಟರ್ ತಮ್ಮ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದರು.

ಇಷ್ಟಾದರೂ ಅವರು ಕೋವಿಯನ್ನು ಮುಟ್ಟಿರಲಿಲ್ಲ. ಮರ ಮುಟ್ಟಿದರು, ಅಂಟಿನ ಡಬ್ಬಿ ಮುಟ್ಟಿದರು, ಬೋಲ್ಟಿಗೆ ಬೆಸೆದ ಹೊಸ ಹಿಡಿಯನ್ನು ಕಂಡರೆ ಮಾತ್ರ ಬೇರೆ ಕಡೆ ನೋಡುತ್ತಿದ್ದರು. ರಾಶಿದ್ ಅದನ್ನೇ ಗಮನಿಸುತ್ತಿದ್ದ.

ಹವೆ ತಣ್ಣಗಾದ ಮೇಲೆ ರೇಂಜಿಗೆ ಹೋದೆವು. ರಾಶಿದ್ ಹೊಡೆದ. ಒಂದೇ ಗುಂಪು, ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು. ವಿಕ್ಟರ್ "ಪರವಾಗಿಲ್ಲ" ಅಂದರು. ಲಾರೆನ್ಸ್ ಶಿಲುಬೆಯ ಗುರುತು ಮಾಡಿಕೊಂಡರು. ರಾಶಿದ್ ಬೋಲ್ಟ್ ಹಿಂದಕ್ಕೆಳೆದು, ಎದ್ದು, ತಂದೆಯ ಕಡೆ ನೋಡಿದ.

"ಬಾಬಾ, ಒಮ್ಮೆ ನೋಡಿ ಮಾತ್ರ. ದುರ್ಬೀನಿನಲ್ಲಿ. ಹೊಡೆಯುವುದು ಬೇಡ."

ಅವರು ಬೇಡವೆಂದು ಕೈಯಾಡಿಸಿದರು. "ನನ್ನ ಕಣ್ಣು ಹೋಗಿ ಎಷ್ಟು ಕಾಲವಾಯಿತು ನಿನಗೆ ಗೊತ್ತುಂಟಾ? ಕೋವಿಯ ತುದಿಯ ಗುರಿ ಹಿಡಿಯುವ ಕಡ್ಡಿಯೇ ಕಾಣುವುದಿಲ್ಲ, ಹಾಳೆ ಎಲ್ಲಿಂದ ಕಾಣಬೇಕು?" ಅಂದರು. ಆಗಲೇ ನಮಗೆ ತಿಳಿದದ್ದು, ಕೋವಿ ಅಲ್ಮಾರಿ ಸೇರಿದ್ದು ಯಾಕೆ ಎಂದು. ಮಗನಿಗೂ ಅವರು ಹೇಳಿರಲಿಲ್ಲ. ಹಾಗೆ ಅನ್ನುತ್ತಲೇ ಮೇಜಿನ ಹಿಂದೆ ಕೂತು, ಬೇಡದ ಮನಸ್ಸಿನಿಂದ ಕೆನ್ನೆಯನ್ನು ಮರಕ್ಕೆ ಒರಗಿಸಿದರು. ದುರ್ಬೀನಿನ ಉಂಗುರವನ್ನು ನಾನು ಅವರ ಕಣ್ಣಿಗೆ ಹೊಂದುವಂತೆ ಮೆಲ್ಲಗೆ ತಿರುಗಿಸಿದೆ.

"ಹಾಳೆಯಲ್ಲಿ ಅಂಕಿ ಬರೆದಿದೆ," ಅಂದರು ಅವರು.

"ಹೌದು, ಬಾಬಾ."

"ಒಂಬತ್ತು. ಹತ್ತು." ಕೆನ್ನೆ ಎತ್ತಲಿಲ್ಲ. "ಅಲ್ಲಿ ಒಂದು ನೊಣ ಕೂತಿದೆ."

ಅವರ ಬಲಗೈ ತಾನಾಗಿ ಬೋಲ್ಟಿನ ಕಡೆ ಹೋಯಿತು, ಹಳೆಯ ಜಾಗದಲ್ಲಿ ಹಿಡಿ ಸಿಗದೆ ಗಾಳಿಯಲ್ಲಿ ಒಂದು ಸಲ ತಡವರಿಸಿತು, ಕೆಳಗೆ ಬಗ್ಗಿದ ಹೊಸ ಹಿಡಿಯನ್ನು ಹುಡುಕಿ ಹಿಡಿದುಕೊಂಡಿತು.

"ಒಂದು ತೋಟೆ ಕೊಡು," ಅಂದರು.

ಆ ಚಳಿಗಾಲದ ಸ್ಪರ್ಧೆಗೆ ಹೆಸರು ಕೊಡುವ ಕೊನೆಯ ದಿನ ರಾಶಿದ್ ಆಫೀಸಿನಿಂದ ಓಡಿಬಂದ. ಒಂದು ಕೋವಿಗೆ ಒಬ್ಬರ ಹೆಸರು ಮಾತ್ರ ಅನ್ನುವುದು ಕ್ಲಬ್ಬಿನ ನಿಯಮ. ಅವನ ತಂದೆ ಬೆಳಿಗ್ಗೆಯೇ ಬಂದು ತಮ್ಮ ಹೆಸರು ಬರೆಸಿ ಹೋಗಿದ್ದರು. ಸ್ಪರ್ಧೆಯ ದಿನ ಅಬು ರಾಶಿದ್ ಮೇಜಿನ ಹಿಂದೆ ಕೂತು ಹೊಡೆದರು. ರಾಶಿದ್ ಅವರ ಬೆನ್ನ ಹಿಂದೆ ನಿಂತು, ಗುಂಡು ಎಲ್ಲಿ ಬಿತ್ತು ಎಂದು ಒಂದೊಂದಾಗಿ ಹೇಳುತ್ತಾ ಹೋದ.